ಕರಾವಳಿಯ ಮನೆಯೊಳಗೆ ಗಿಡ: ಗಾಳಿ ಶುಚಿಯಾಗಿರಲು ಏನು ಮಾಡಬೇಕು, ಏನು ಮಾಡಬಾರದು

ಮಂಗಳೂರು, ಉಡುಪಿ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು. ಮನೆಯೊಳಗಿನ ಗಾಳಿ ಶುದ್ಧವಾಗಲು ಯಾವ ಗಿಡ ತರಬೇಕು ಎನ್ನುವುದು ಮೊದಲನೆಯದು. ಅದನ್ನು ಕೇಳಿದವರೇ ಕೆಲವು ತಿಂಗಳ ನಂತರ ಎರಡನೆಯದನ್ನು ಕೇಳುತ್ತಾರೆ: ತಂದ ಗಿಡ ಆಟಿಯ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ಬುಡ ಕೊಳೆತು ಬಿದ್ದುಹೋಯಿತು, ಏಕೆ? ನಮ್ಮ ಕರಾವಳಿಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಉತ್ತರಿಸಲು ಬರುವುದಿಲ್ಲ. ದಿಲ್ಲಿಯ ಅಥವಾ ಬೆಂಗಳೂರಿನ ಒಣ ಹವೆಗೆ ಬರೆದ ಸಲಹೆಗಳನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಗಿಡವೂ ಉಳಿಯುವುದಿಲ್ಲ, ಗಾಳಿಯೂ ಸುಧಾರಿಸುವುದಿಲ್ಲ. ಕೆಲವು ಮನೆಗಳಲ್ಲಿ ಗಾಳಿ ಮೊದಲಿಗಿಂತ ಕೆಡುವುದೂ ಉಂಟು.

ಗಿಡದಿಂದ ಎಷ್ಟು ನಿರೀಕ್ಷಿಸಬಹುದು

‘ಗಾಳಿ ಶುದ್ಧ ಮಾಡುವ ಗಿಡ’ ಎಂದು ನರ್ಸರಿಗಳಲ್ಲಿ ಹೇಳುವ ಪಟ್ಟಿಯ ಮೂಲ 1989ರ ಒಂದು ವರದಿ. ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿ ಬಿ.ಸಿ. ವುಲ್ವರ್ಟನ್ ಮತ್ತು ಸಂಗಡಿಗರು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು, ಒಳಗೆ ಬೆಂಜೀನ್, ಫಾರ್ಮಾಲ್ಡಿಹೈಡ್, ಟ್ರೈಕ್ಲೋರೋಎಥಿಲೀನ್ ಎಂಬ ಮೂರು ರಾಸಾಯನಿಕಗಳನ್ನು ಸೇರಿಸಿ, ಅವು ಎಷ್ಟು ಇಳಿಯುತ್ತವೆ ಎಂದು ಅಳೆದರು. ಬಣ್ಣ, ಅಂಟು, ಪ್ಲೈವುಡ್, ದ್ರಾವಕಗಳಿಂದ ಆವಿಯಾಗಿ ಮನೆಯ ಗಾಳಿಗೆ ಸೇರುವ ವಸ್ತುಗಳು ಇಂಥವೇ. ಪೆಟ್ಟಿಗೆಯೊಳಗೆ ಅವು ಇಳಿದವು ನಿಜ. ಎಲೆಗಳ ಜೊತೆಗೆ ಬೇರಿನ ಸುತ್ತಲಿನ ಮಣ್ಣಿನ ಸೂಕ್ಷ್ಮಜೀವಿಗಳೂ ಆ ಕೆಲಸ ಮಾಡಿದ್ದವು.

ಆದರೆ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲ ಸಂದಿನಿಂದ, ಕಿಟಕಿಯಿಂದ ಗಾಳಿ ಬಂದು ಹೋಗುತ್ತಲೇ ಇರುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂತಹ ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ 2019ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಕಟ್ಟಡದೊಳಗೆ ಸಹಜವಾಗಿ ಆಗುವ ಗಾಳಿಯ ಓಡಾಟಕ್ಕೆ ಸಮನಾಗಿ ಗಿಡಗಳೇ ಈ ಆವಿಗಳನ್ನು ತೆಗೆಯಬೇಕಾದರೆ ನೆಲದ ಪ್ರತಿ ಚದರ ಮೀಟರ್‌ಗೆ 10ರಿಂದ 1000 ಗಿಡಗಳು ಬೇಕು. ಅಷ್ಟು ಗಿಡ ಇಟ್ಟರೆ ನಾವು ನಿಲ್ಲಲು ಜಾಗ ಉಳಿಯುವುದಿಲ್ಲ.

ಹಾಗಾದರೆ ಗಿಡ ಬೇಡವೇ? ಖಂಡಿತ ಬೇಕು. ಅಗಲ ಎಲೆಗಳು ಧೂಳನ್ನು ಹಿಡಿದಿಡುತ್ತವೆ. ನಾವು ಒರೆಸಿದರೆ ಆ ಧೂಳು ಮನೆಯಿಂದ ಹೊರಹೋಗುತ್ತದೆ. ಗಿಡ ಇಟ್ಟವರು ಬೆಳಕಿಗಾಗಿ ಪರದೆ ಸರಿಸುತ್ತಾರೆ, ಕಿಟಕಿ ತೆರೆಯುತ್ತಾರೆ, ಮೂಲೆಗಳನ್ನು ಗಮನಿಸುತ್ತಾರೆ. ಮನೆಯ ಗಾಳಿ ಸುಧಾರಿಸುವುದು ಬಹುಪಾಲು ಈ ಅಭ್ಯಾಸದಿಂದ. ಹಸಿರು ಕಣ್ಣಿಗೂ ಮನಸ್ಸಿಗೂ ಕೊಡುವ ಸುಖವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಕರಾವಳಿಗೆ ಮಾತ್ರ ಅನ್ವಯಿಸುವ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಗಿಡ ಬೇರಿನಿಂದ ಹೀರಿದ ನೀರಿನ ಬಹುಭಾಗವನ್ನು ಎಲೆಯ ಮೂಲಕ ಆವಿಯಾಗಿ ಬಿಡುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎನ್ನುತ್ತಾರೆ. ಒಣ ಊರುಗಳಲ್ಲಿ ಇದು ವರ. ಒಣಗಿದ ಮೂಗು, ಗಂಟಲಿಗೆ ಹಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಗಳಲ್ಲಿ ಗಾಳಿಗೆ ಇನ್ನಷ್ಟು ತೇವ ಸೇರಿಸುವ ಅಗತ್ಯ ಯಾರಿಗೂ ಇಲ್ಲ. ಹೆಚ್ಚು ತೇವವೆಂದರೆ ಗೋಡೆಯಲ್ಲಿ, ಕಪಾಟಿನಲ್ಲಿ, ಕುಂಡದ ಮಣ್ಣಿನ ಮೇಲೆ ಬೂಷ್ಟು. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ತೇಲಿ ಉಬ್ಬಸ, ಸೀನು ತರುತ್ತವೆ. ಆದ್ದರಿಂದ ಇಲ್ಲಿ ಗಿಡ ಬೆಳೆಸುವುದೆಂದರೆ ಮುಖ್ಯವಾಗಿ ನೀರನ್ನು ಹಿಡಿತದಲ್ಲಿಡುವುದು. ಮುಂದಿನ ಎಲ್ಲ ಹಂತಗಳೂ ಆ ನೋಟದಿಂದಲೇ ಬರೆದವು.

ಹಂತ 1: ಗಿಡ ತರುವ ಮೊದಲು ಕಿಟಕಿ

ಹಂಚಿನ ಮಾಡಿನ ಹಳೆಯ ಮನೆಗಳಲ್ಲಿ ಹಂಚುಗಳ ಸಂದಿನಿಂದಲೇ ಬಿಸಿಗಾಳಿ ಮೇಲೆ ಹೋಗುತ್ತಿತ್ತು. ಈಗಿನ ಕಾಂಕ್ರೀಟ್ ಫ್ಲ್ಯಾಟುಗಳಲ್ಲಿ ಆ ದಾರಿ ಇಲ್ಲ. ಬೆಳಿಗ್ಗೆ ಎದುರುಬದುರಿನ ಎರಡು ಕಿಟಕಿಗಳನ್ನು, ಅದಾಗದಿದ್ದರೆ ಒಂದು ಕಿಟಕಿ ಮತ್ತು ಒಂದು ಬಾಗಿಲನ್ನು, ಅರ್ಧ ಗಂಟೆಯಾದರೂ ತೆರೆದಿಡಿ. ಸೊಳ್ಳೆಯ ಭಯವಿದ್ದರೆ ಜಾಲರಿ ಹಾಕಿಸಿ. ಜಾಲರಿಯನ್ನು ಆಗಾಗ ತೊಳೆಯಬೇಕು, ಏಕೆಂದರೆ ಧೂಳು ಮತ್ತು ಕಡಲಗಾಳಿಯ ಉಪ್ಪು ಅದರ ಕಣ್ಣುಗಳನ್ನು ಮುಚ್ಚುತ್ತವೆ.

ನಂತರ ಮನೆಯೊಳಗೆ ಹೊಗೆ, ಘಾಟು ಎಲ್ಲಿಂದ ಬರುತ್ತದೆ ನೋಡಿ. ಸೊಳ್ಳೆಬತ್ತಿಯ ಸುರುಳಿ ಇವುಗಳಲ್ಲಿ ಅತಿ ಕೆಟ್ಟದ್ದು. ಒಂದು ಸುರುಳಿ ಪೂರ್ತಿ ಉರಿದಾಗ ಬರುವ ಅತಿಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರ ಒಂದು ಅಧ್ಯಯನ ಅಳೆದು ಹೇಳಿದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಹಚ್ಚಿಟ್ಟು ಪಕ್ಕದಲ್ಲಿ ಸ್ನೇಕ್ ಪ್ಲಾಂಟ್ ಎಂಬ ದಪ್ಪ ಎಲೆಯ ಗಿಡ ಇಡುವುದರಿಂದ ಏನೂ ಆಗದು. ದೇವರ ಕೋಣೆಯ ಅಗರಬತ್ತಿಯನ್ನು ಕಿಟಕಿ ತೆರೆದಿರುವಾಗ ಹಚ್ಚಿ. ಮೀನು ಕಾಯಿಸುವಾಗ, ಒಗ್ಗರಣೆ ಹಾಕುವಾಗ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡಲಿ. ಹೊಸ ಪ್ಲೈವುಡ್ ಕಪಾಟು ಮಾಡಿಸಿದ್ದರೆ ಕಣ್ಣು ಉರಿಸುವ ಆ ವಾಸನೆ ಇಳಿಯುವ ತನಕ, ಕೆಲವು ವಾರಗಳ ಕಾಲ, ಹಗಲಲ್ಲಿ ಅದರ ಬಾಗಿಲು ತೆರೆದಿಡಿ. ಇದನ್ನೆಲ್ಲ ಮಾಡಿದ ಮೇಲೆ ಗಿಡದ ಮಾತು.

ಹಂತ 2: ಬೆಳಕು ನೋಡಿ

ನೀವು ಗಿಡ ಇಡಬೇಕೆಂದಿರುವ ಜಾಗದಲ್ಲಿ ಮಧ್ಯಾಹ್ನ ದೀಪ ಹಾಕದೆ ಕುಳಿತು ಪತ್ರಿಕೆ ಓದಿ. ಕಣ್ಣಿಗೆ ಶ್ರಮವಿಲ್ಲದೆ ಓದಲು ಬಂದರೆ ನೆರಳು ತಾಳುವ ಗಿಡ ಅಲ್ಲಿ ಬದುಕುತ್ತದೆ. ಕೈ ಅಡ್ಡ ಹಿಡಿದಾಗ ನೆಲದ ಮೇಲೆ ಮಸುಕಾದ ನೆರಳು ಬಿದ್ದರೆ ಹೆಚ್ಚಿನ ಒಳಾಂಗಣ ಗಿಡಗಳೂ ಬೆಳೆಯುತ್ತವೆ. ನೆರಳು ಸ್ಪಷ್ಟವಾಗಿ ಬಿದ್ದರೆ ಅದು ನೇರ ಬಿಸಿಲು. ಪಶ್ಚಿಮದ ಕಿಟಕಿಯಾದರೆ ಮಾರ್ಚ್‌ನಿಂದ ಮೇ ತನಕ ಎಲೆ ಸುಡುತ್ತದೆ, ತೆಳು ಪರದೆ ಬೇಕು. ಈ ಪರೀಕ್ಷೆಯನ್ನು ಜುಲೈಯಲ್ಲಿ ಮೋಡ ಕವಿದಿರುವ ದಿನ ಮತ್ತೊಮ್ಮೆ ಮಾಡಿ. ಜನವರಿಯಲ್ಲಿ ಸಾಕಷ್ಟು ಬೆಳಕಿದ್ದ ಮೂಲೆ ಆಗ ಕತ್ತಲಾಗಿರುತ್ತದೆ, ಗಿಡವನ್ನು ಕಿಟಕಿಯ ಹತ್ತಿರ ಸರಿಸಬೇಕಾಗುತ್ತದೆ.

ಹಂತ 3: ಗಿಡದ ಆಯ್ಕೆ

ಮೊದಲ ಸಲಕ್ಕೆ ಮೂರು ಗಿಡ ಸಾಕು. ಹತ್ತು ತಂದು ಏಳನ್ನು ಕಳೆದುಕೊಳ್ಳುವುದಕ್ಕಿಂತ ಮೂರನ್ನು ಒಂದು ಮಳೆಗಾಲ ದಾಟಿಸುವುದು ದೊಡ್ಡ ಕಲಿಕೆ.

ಮಲಗುವ ಕೋಣೆಗೆ ಕಡಿಮೆ ನೀರು ಬೇಡುವ, ಕಡಿಮೆ ತೇವ ಬಿಡುವ ಗಿಡ ಇರಲಿ: ಸ್ನೇಕ್ ಪ್ಲಾಂಟ್ ಅಥವಾ ಝಡ್‌ಝಡ್ ಗಿಡ. ಎರಡೂ ನೀರನ್ನು ತಮ್ಮೊಳಗೇ ಕೂಡಿಡುತ್ತವೆ, ಮೊದಲನೆಯದು ದಪ್ಪ ಎಲೆಯಲ್ಲಿ, ಎರಡನೆಯದು ಮಣ್ಣಿನೊಳಗಿನ ಗೆಡ್ಡೆಯಲ್ಲಿ. ಸ್ನೇಕ್ ಪ್ಲಾಂಟ್ ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ ಎಂಬ ಮಾತು ಬಹಳ ಹರಡಿದೆ. ನಿಜ ಸಂಗತಿ ಇಷ್ಟು: ನೀರು ಉಳಿಸಲು ಅದು ತನ್ನ ಎಲೆಯ ರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತದೆ. ಆಮ್ಲಜನಕ ಹುಟ್ಟುವುದು ಬೆಳಕಿನಲ್ಲಿಯೇ. ಅದೇ ರೀತಿ, ಮಲಗುವ ಕೋಣೆಯಲ್ಲಿ ಗಿಡವಿದ್ದರೆ ರಾತ್ರಿ ನಮ್ಮ ಉಸಿರಿನ ಗಾಳಿಯನ್ನು ಅದು ಕಸಿಯುತ್ತದೆ ಎಂಬ ಹೆದರಿಕೆಯನ್ನೂ ಬಿಡಿ. ಎರಡೂ ಕಡೆ ಪ್ರಮಾಣ ಲೆಕ್ಕಕ್ಕೆ ಸಿಗದಷ್ಟು ಸಣ್ಣದು.

ಚಾವಡಿಗೆ, ಅಂದರೆ ಮನೆಯ ಮುಂಭಾಗದ ಕೋಣೆಗೆ, ನಮ್ಮ ತೇವದ ಹವೆಯನ್ನು ಇಷ್ಟಪಡುವ ಅಗ್ಲೋನಿಮಾ, ಪೀಸ್ ಲಿಲಿ, ಆಂಥೂರಿಯಂ, ಮನಿ ಪ್ಲಾಂಟ್ ಚೆನ್ನ. ಪೀಸ್ ಲಿಲಿ ಹೊಸಬರಿಗೆ ಒಳ್ಳೆಯ ಗುರು. ಬಾಯಾರಿದರೆ ಎಲೆಗಳನ್ನೆಲ್ಲ ಜೋತುಬಿಟ್ಟು ತೋರಿಸುತ್ತದೆ, ನೀರು ಕೊಟ್ಟ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಸ್ಪೈಡರ್ ಪ್ಲಾಂಟ್ ಕಿಟಕಿಯ ಬಳಿ ತೂಗುಹಾಕಲು ಸರಿ. ಧೂಳು ಹಿಡಿಯುವ ಕೆಲಸಕ್ಕೆ ಅಗಲ ಎಲೆಯ ರಬ್ಬರ್ ಗಿಡ ಒಳ್ಳೆಯದು, ಒರೆಸುವುದೂ ಸುಲಭ.

ಅರೆಕಾ ಪಾಮ್ ನೋಡಲು ಚಂದ, ಆದರೆ ಬಹಳ ತೇವ ಬಿಡುತ್ತದೆ. ಬೇಸಿಗೆಯಲ್ಲಿ ಒಳಗೆ, ಮಳೆಗಾಲದಲ್ಲಿ ಬಾಲ್ಕನಿಯ ಅಂಚಿಗೆ ಎಂಬ ನಿಯಮ ಅದಕ್ಕೆ ಸರಿಹೋಗುತ್ತದೆ. ಇದು ಮಡಗಾಸ್ಕರ್ ಮೂಲದ ಗಿಡ. ತೋಟದ ಅಡಿಕೆ ಸಸಿಯನ್ನು ತಂದು ಕುಂಡದಲ್ಲಿ ನೆಟ್ಟರೆ ಅದು ಅರೆಕಾ ಪಾಮ್ ಆಗುವುದಿಲ್ಲ. ಮೇಲೆ ಹೇಳಿದ ರಬ್ಬರ್ ಗಿಡವೂ ಸುಳ್ಯದ ತೋಟಗಳಲ್ಲಿ ಹಾಲು ತೆಗೆಯುವ ಮರವಲ್ಲ, ಆಲದ ಜಾತಿಗೆ ಸೇರಿದ್ದು.

ತರಬೇಡದ ಗಿಡಗಳೂ ಇವೆ. ಲ್ಯಾವೆಂಡರ್, ರೋಸ್‌ಮೇರಿ, ಕಳ್ಳಿ, ಗುಲಾಬಿಯಾಕಾರದ ಪುಟ್ಟ ರಸಭರಿತ ಗಿಡಗಳು ನಮ್ಮ ಮಳೆಗಾಲದ ಕೋಣೆಯೊಳಗೆ ಉಳಿಯುವುದು ಅಪರೂಪ. ಎಲೆಗಳ ನಡುವೆ ಬಟ್ಟಲಿನಂತೆ ನೀರು ನಿಲ್ಲುವ ಬ್ರೊಮೀಲಿಯಾಡ್‌ಗಳು ಸೊಳ್ಳೆಗೆ ತೊಟ್ಟಿಲಾಗುತ್ತವೆ. ತುಳಸಿಗೆ ಬಿಸಿಲು ಬೇಕು, ಅದು ಅಂಗಳದ ಕಟ್ಟೆಯಲ್ಲೇ ಇರಲಿ.

ಕೊಳ್ಳುವಾಗ ಎಲೆಯ ಅಡಿಯನ್ನು, ಕಾಂಡ ಮತ್ತು ಎಲೆ ಸೇರುವ ಸಂದನ್ನು ನೋಡಿ. ಬಿಳಿ ಹತ್ತಿಯಂತಹ ಚುಕ್ಕೆ ಕಂಡರೆ ಬಿಟ್ಟುಬಿಡಿ. ಜನವರಿ ಕೊನೆಯ ಹೊತ್ತಿಗೆ ಕದ್ರಿ ಉದ್ಯಾನದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ಗಿಡ ನೋಡಿ ಆರಿಸಲು ಒಳ್ಳೆಯ ಸಂದರ್ಭ. ಆ ಹೊತ್ತಿಗೆ ತಂದ ಗಿಡಕ್ಕೆ ಮಳೆಗೆ ಮುನ್ನ ನಾಲ್ಕು ತಿಂಗಳು ಬೇರೂರಲು ಸಿಗುತ್ತದೆ.

ಹಂತ 4: ಕುಂಡ ಮತ್ತು ಮಣ್ಣು

ಗಿಡ ಸಾಯುವುದೂ ಉಳಿಯುವುದೂ ಬಹುಮಟ್ಟಿಗೆ ಇಲ್ಲಿ ನಿರ್ಧಾರವಾಗುತ್ತದೆ.

ಕುಂಡ ಬೇರುಗಡ್ಡೆಗಿಂತ, ಅಂದರೆ ಬೇರು ಮತ್ತು ಅದಕ್ಕೆ ಅಂಟಿದ ಮಣ್ಣಿನ ಮುದ್ದೆಗಿಂತ, ಎರಡು ಬೆರಳು ಅಗಲವಿದ್ದರೆ ಸಾಕು. ಮುಂದೆ ಬೆಳೆಯುತ್ತದೆಂದು ದೊಡ್ಡ ಕುಂಡದಲ್ಲಿ ನೆಡುವುದು ತಪ್ಪು. ಬೇರು ಇಲ್ಲದ ಕಡೆಯ ಮಣ್ಣು ನೀರನ್ನು ಹೀರಿಕೊಂಡು ಒಣಗದೆ ಕುಳಿತಿರುತ್ತದೆ, ಕೊಳೆ ಅಲ್ಲಿಂದಲೇ ಆರಂಭ. ಮಣ್ಣಿನ ಕುಂಡದ ಗೋಡೆಯಿಂದ ನೀರು ಆರುವುದರಿಂದ ಕರಾವಳಿಗೆ ಅದೇ ಉತ್ತಮ. ಹೊರಗೆ ಪಾಚಿ ಕಟ್ಟಿದರೆ ತೆಂಗಿನ ನಾರಿನಿಂದ ಉಜ್ಜಿ. ಅಡಿಯಲ್ಲಿ ತೂತು ಇರಲೇಬೇಕು. ತೂತಿಲ್ಲದ ಪಿಂಗಾಣಿ ಕುಂಡ ಇಷ್ಟವಾದರೆ, ಗಿಡವನ್ನು ತೂತಿರುವ ಸಣ್ಣ ಕುಂಡದಲ್ಲಿ ನೆಟ್ಟು ಅದರೊಳಗೆ ಇಳಿಸಿ, ನೀರು ಹಾಕುವಾಗ ಹೊರತೆಗೆಯಿರಿ.

ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು. ಅಡಿಗೆ ನಾಲ್ಕು ಬೆರಳು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯದೆ ಅದರ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಅಂದರೆ ತೇವದ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ.

ನಮ್ಮ ಕೆಂಪು ಮಣ್ಣನ್ನು ಮಾತ್ರ ತುಂಬಿದರೆ ಎರಡು ತಿಂಗಳಲ್ಲಿ ಇಟ್ಟಿಗೆಯಾಗುತ್ತದೆ. ನಾನು ಸೂಚಿಸುವ ಮಿಶ್ರಣ: ಜರಡಿ ಹಿಡಿದ ಕೆಂಪು ಮಣ್ಣು ಒಂದು ಪಾಲು, ತೆಂಗಿನ ನಾರಿನ ಹುಡಿ ಒಂದು ಪಾಲು, ದಪ್ಪ ಹೊಯಿಗೆ (ಮರಳು) ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು, ಗೆರಟೆಯ (ತೆಂಗಿನ ಚಿಪ್ಪಿನ) ಇದ್ದಿಲಿನ ಸಣ್ಣ ಚೂರುಗಳು ಅರ್ಧ ಪಾಲು. ಊರಲ್ಲಿ ತೋಟದ ಮನೆಯಿದ್ದು ಸುಡುಮಣ್ಣು ಸಿಗುವುದಾದರೆ ಕೆಂಪು ಮಣ್ಣಿನ ಬದಲು ಅದನ್ನೇ ಹಾಕಿ. ಸುಟ್ಟದ್ದರಿಂದ ಹುಳು, ಕಳೆಬೀಜ ಕಡಿಮೆ, ಹಗುರವೂ ಹೌದು. ಸ್ನೇಕ್ ಪ್ಲಾಂಟ್, ಝಡ್‌ಝಡ್‌ಗೆ ಹೊಯಿಗೆಯನ್ನು ಎರಡು ಪಾಲು ಮಾಡಿ, ನಾರಿನ ಹುಡಿಯನ್ನು ಅರ್ಧಕ್ಕಿಳಿಸಿ.

ಎರಡು ಎಚ್ಚರಿಕೆ. ಹೊಯಿಗೆ ಹೊಳೆಯದ್ದಾಗಿರಬೇಕು. ಕಡಲ ದಂಡೆಯದ್ದಾದರೆ ಅದರ ಉಪ್ಪು ಬೇರನ್ನು ಸುಡುತ್ತದೆ. ತೆಂಗಿನ ನಾರಿನ ಹುಡಿಯಲ್ಲಿಯೂ ಉಪ್ಪಿನಂಶ ಇರುವುದರಿಂದ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ, ಇನ್ನೊಮ್ಮೆ ಹಾಗೆಯೇ ಮಾಡಿ ಬಳಸಿ.

ಕುಂಡ ತುಂಬಿದ ಮೇಲೆ ಒಂದು ಚೊಂಬು ನೀರು ಹೊಯ್ಯಿರಿ. ಸ್ವಲ್ಪ ಹೊತ್ತಿನಲ್ಲಿಯೇ ಅಡಿಯಿಂದ ಧಾರಾಳವಾಗಿ ಹೊರಬರಬೇಕು. ಮೇಲೆಯೇ ಕೆರೆಯಂತೆ ನಿಂತರೆ ಮಿಶ್ರಣ ಬಿಗಿಯಾಗಿದೆ, ಇನ್ನಷ್ಟು ಹೊಯಿಗೆ, ಇದ್ದಿಲು ಸೇರಿಸಿ ಮತ್ತೆ ತುಂಬಿ.

ಹಂತ 5: ತಂದ ಮೊದಲ ಎರಡು ವಾರ

ಹೊಸ ಗಿಡವನ್ನು ಉಳಿದವುಗಳಿಂದ ದೂರ ಇಡಿ; ಕೀಟಗಳಿದ್ದರೆ ಅಷ್ಟರಲ್ಲಿ ಕಾಣಿಸಿಕೊಳ್ಳುತ್ತವೆ. ಜಾಗ ಬದಲಾದ ಕಾರಣ ಒಂದೆರಡು ಎಲೆ ಹಳದಿಯಾಗಿ ಬೀಳಬಹುದು, ಗಾಬರಿಯಿಂದ ಗೊಬ್ಬರ ಹಾಕಬೇಡಿ.

ಹಂತ 6: ನೀರು

ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು ಎಂದು ಕೇಳುವವರಿಗೆ ನಾನು ಸಂಖ್ಯೆ ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ಸಲ ಬೇಕಾದ ಅದೇ ಗಿಡಕ್ಕೆ ಜುಲೈಯಲ್ಲಿ ಎರಡು ವಾರಕ್ಕೊಮ್ಮೆಯೂ ಹೆಚ್ಚಾಗಬಹುದು. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ತೇವ ತಗುಲಿದರೆ ಬೇಡ. ಒಣಗಿದ್ದರೆ ಅಡಿಯಿಂದ ನೀರು ಹರಿಯುವಷ್ಟು ಹಾಕಿ, ಅರ್ಧ ಗಂಟೆ ಬಿಟ್ಟು ಅಡಿತಟ್ಟೆಯ ನೀರನ್ನು ಚೆಲ್ಲಿ. ಸ್ನೇಕ್ ಪ್ಲಾಂಟ್, ಝಡ್‌ಝಡ್‌ಗೆ ಬೆರಳಿನ ಲೆಕ್ಕ ಸಾಲದು. ಕುಂಡದ ತಳದವರೆಗೆ ಒಣಗಬೇಕು. ಒಂದು ತೆಳುವಾದ ಬಿದಿರಿನ ಕಡ್ಡಿ ಚುಚ್ಚಿ ತೆಗೆದರೆ ಮಣ್ಣು ಅಂಟಿ ಬರುತ್ತದೆಯೇ ನೋಡಿ.

ಎಲೆ ಜೋತು ಬಿದ್ದಿದೆ, ಮಣ್ಣು ಒದ್ದೆಯಾಗಿದೆ ಎಂದಾದರೆ ಬೇರು ಕೊಳೆತಿದೆ ಎಂದು ಅರ್ಥ. ನೀರು ಹೀರಲು ಬೇರೇ ಇಲ್ಲದ್ದರಿಂದ ಗಿಡ ಬಾಯಾರಿದಂತೆ ಕಾಣುತ್ತದೆ. ಇದನ್ನು ನೋಡಿ ಇನ್ನೂ ಒಂದು ಚೊಂಬು ಹಾಕುವುದರಿಂದಲೇ ನಮ್ಮಲ್ಲಿ ಅತಿ ಹೆಚ್ಚು ಗಿಡಗಳು ಸಾಯುತ್ತವೆ. ಕೆಳಗಿನ ಎಲೆಗಳು ಮೆತ್ತಗೆ ಹಳದಿಯಾಗುವುದು ನೀರು ಹೆಚ್ಚಾದ ಮೊದಲ ಸೂಚನೆ. ಎಲೆಯ ತುದಿ ಗರಿಗರಿಯಾಗಿ ಕಂದಾಗುವುದು ನೀರು ಕಡಿಮೆಯಾದದ್ದರ ಅಥವಾ ನೀರಿನಲ್ಲಿ ಉಪ್ಪು ಹೆಚ್ಚಾದದ್ದರ ಗುರುತು.

ಉಪ್ಪಿನ ವಿಚಾರ ಇಲ್ಲಿ ನಿಜವಾದದ್ದು. ಕಡಲಿಗೆ, ಅಳಿವೆಗೆ ಹತ್ತಿರದ ಬಾವಿಗಳ ನೀರು ಬೇಸಿಗೆಯ ಕೊನೆಗೆ ಸಪ್ಪೆಯಾಗಿ ಉಳಿಯುವುದಿಲ್ಲ. ನಾಲಿಗೆಗೆ ಉಪ್ಪು ತಗುಲಿದರೆ ಕುಂಡಕ್ಕೆ ಬೇಡ. ನೀರು ಶುದ್ಧೀಕರಿಸುವ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರಿನಲ್ಲೂ ಲವಣ ಸಾಂದ್ರವಾಗಿರುತ್ತದೆ, ಅದೂ ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಬಕೆಟಿನಲ್ಲಿ ಹಿಡಿದು ಬಳಸಬಹುದು. ಮಂಗಳೂರಿಗೆ ತುಂಬೆಯಿಂದ, ಉಡುಪಿಗೆ ಬಜೆಯಿಂದ ಬರುವ ನಳ್ಳಿನೀರಿನಲ್ಲಿ ಕ್ಲೋರಿನ್ ಘಾಟು ಇದ್ದರೆ ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು ಬೆಳಿಗ್ಗೆ ಹಾಕಿ.

ಅಕ್ಕಿ ತೊಳೆದ ನೀರು, ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಮನೆಯೊಳಗಿನ ಕುಂಡಕ್ಕೆ ಹಾಕುವ ಅಭ್ಯಾಸ ಅನೇಕರಲ್ಲಿದೆ. ಅಂಗಳದ ಬಸಳೆಗೆ ಅದು ಸರಿ. ಒಳಗೆ ಹುಳಿಯುತ್ತದೆ, ವಾಸನೆ ಬರುತ್ತದೆ, ಮಣ್ಣಿನ ಮೇಲೆ ಬೂಷ್ಟು ಹಬ್ಬುತ್ತದೆ. ಗಾಳಿ ಶುಚಿಯಾಗಲೆಂದು ಇಟ್ಟ ಗಿಡದಿಂದ ಗಾಳಿ ಕೆಡುವುದಕ್ಕೆ ಇದಕ್ಕಿಂತ ನೇರ ದಾರಿ ಇಲ್ಲ.

ಹಂತ 7: ಮಳೆಗಾಲಕ್ಕೆ ಮೊದಲು, ಮಳೆಗಾಲದಲ್ಲಿ

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದೊಳಗೆ, ಕುಂಡ ಬದಲಿಸುವ ಕೆಲಸ ಮುಗಿದಿರಬೇಕು. ಆಮೇಲೆ ಬೇರನ್ನು ಮುಟ್ಟಬೇಡಿ. ಗಾಯವಾದ ಬೇರು ಒದ್ದೆ ಮಣ್ಣಿನಲ್ಲಿ ಮಾಯುವುದಿಲ್ಲ. ಗೊಬ್ಬರವನ್ನೂ ನಿಲ್ಲಿಸಿ.

ಜೂನ್ ಬಂದ ಮೇಲೆ ಕುಂಡಗಳನ್ನು ಗೋಡೆಯಿಂದ ಒಂದು ಗೇಣು ಈಚೆ ಸರಿಸಿ. ಹೊರಗಿನ ಮಳೆ ಹೊಡೆಯುವ ಗೋಡೆಗೆ ತಾಗಿ ಗಿಡವಿದ್ದರೆ ಅದರ ಹಿಂದೆ ಗಾಳಿಯಾಡದೆ ಬಣ್ಣ ಉಬ್ಬಿ ಕಪ್ಪು ಬೂಷ್ಟು ಏಳುತ್ತದೆ. ಕುಂಡಗಳು ಒಂದಕ್ಕೊಂದು ತಾಗದಿರಲಿ. ಅವುಗಳಿರುವ ಕೋಣೆಯಲ್ಲಿ ದಿನಕ್ಕೆ ಕೆಲವು ಗಂಟೆ ಫ್ಯಾನ್ ಸಣ್ಣಗೆ ತಿರುಗುತ್ತಿರಲಿ. ಬಟ್ಟೆ ಒಣಹಾಕುವ ಕೋಣೆ ಮತ್ತು ಗಿಡವಿರುವ ಕೋಣೆ ಬೇರೆಯಾದರೆ ಬಹಳ ಒಳ್ಳೆಯದು. ಸಣ್ಣ ಫ್ಲ್ಯಾಟಿನಲ್ಲಿ ಅದು ಸಾಧ್ಯವಾಗದಿದ್ದರೆ ಅರ್ಧದಷ್ಟು ಗಿಡಗಳನ್ನು ಮಳೆಗಾಲ ಮುಗಿಯುವ ತನಕ ಮಾಡಿನ ಕೆಳಗಿನ ಬಾಲ್ಕನಿಗೆ ಕಳುಹಿಸಿ. ಎಲೆಗೆ ನೀರು ಸಿಂಪಡಿಸುವುದನ್ನು ಪೂರ್ತಿ ನಿಲ್ಲಿಸಿ.

ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಚಮಚದಿಂದ ಕೆರೆದು ಹೊರಗೆ ಚೆಲ್ಲಿ, ಒಣ ಹೊಯಿಗೆಯನ್ನು ಅರ್ಧ ಬೆರಳು ದಪ್ಪಕ್ಕೆ ಹರಡಿ, ನೀರು ಕಡಿಮೆ ಮಾಡಿ. ಎರಡು ಸಲ ಹೀಗೆ ಮಾಡಿದರೂ ಮರಳಿ ಬಂದರೆ ಆ ಕುಂಡ ಒಳಗೆ ಬೇಡ. ಮನೆಯಲ್ಲಿ ಉಬ್ಬಸದವರಿದ್ದರೆ ಮೊದಲ ಸಲವೇ ಹೊರಗಿಡಿ.

ಅಡಿಕೆಯ ಕೊಳೆರೋಗಕ್ಕೆಂದು ಮನೆಯಲ್ಲಿ ತಂದಿಟ್ಟ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಒಳಗಿನ ಗಿಡಕ್ಕೆ ಹೊಡೆಯಬಹುದೇ ಎಂದು ತೋಟದ ಮನೆಯವರು ಕೇಳುತ್ತಾರೆ. ಬೇಡ. ಮಲಗುವ, ಉಣ್ಣುವ ಜಾಗಕ್ಕೆ ಮೈಲುತುತ್ತು ತರಬಾರದು.

ಬುಡ ಕೊಳೆಯಲು ಶುರುವಾಗಿದ್ದರೆ ತಡಮಾಡಬೇಡಿ. ಗಿಡವನ್ನು ಕಿತ್ತು ಬೇರು ತೊಳೆದು, ಕಪ್ಪಾಗಿ ಮೆತ್ತಗಾದದ್ದನ್ನೆಲ್ಲ ಶುಚಿಯಾದ ಬ್ಲೇಡಿನಿಂದ ಕತ್ತರಿಸಿ. ನೆರಳಿನಲ್ಲಿ ಒಂದು ದಿನ ಆರಲು ಬಿಟ್ಟು, ಹೊಸ ಒಣ ಮಿಶ್ರಣದಲ್ಲಿ ಮೊದಲಿಗಿಂತ ಸಣ್ಣ ಕುಂಡದಲ್ಲಿ ನೆಡಿ. ದಪ್ಪ ಎಲೆಯ ಗಿಡಗಳಿಗೆ ಒಂದು ವಾರ ನೀರು ಬೇಡ. ಉಳಿದವುಗಳಿಗೆ ಮಣ್ಣು ತೇವವಾಗುವಷ್ಟು ಮಾತ್ರ. ಮಳೆಗಾಲದಲ್ಲಿ ಬೇರು ಮುಟ್ಟಬಾರದೆಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಸ್ನೇಕ್ ಪ್ಲಾಂಟಿನ ಬುಡ ಪೂರ್ತಿ ಹೋಗಿದ್ದರೂ ಗಟ್ಟಿ ಎಲೆ ಉಳಿದಿದ್ದರೆ ನಾಲ್ಕು ಬೆರಳುದ್ದದ ತುಂಡು ಮಾಡಿ, ಎರಡು ಮೂರು ದಿನ ಒಣಗಿಸಿ, ಬುಡದ ಕಡೆಯನ್ನೇ ಕೆಳಗಿಟ್ಟು ಹೊಯಿಗೆಯಲ್ಲಿ ಊರಿ. ಕೆಲವು ತಿಂಗಳಲ್ಲಿ ಮರಿ ಬರುತ್ತದೆ. ಹಳದಿ ಅಂಚಿನ ಜಾತಿಯಾದರೆ ಹೀಗೆ ಬಂದ ಮರಿಗೆ ಆ ಅಂಚು ಇರುವುದಿಲ್ಲ, ಬರೀ ಹಸಿರಾಗಿರುತ್ತದೆ.

ಹಂತ 8: ಸೊಳ್ಳೆ

ಮಲೇರಿಯಾ, ಡೆಂಗ್ಯೂ ಎರಡೂ ಕಾಡುವ ಊರು ನಮ್ಮದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮನೆಯ ಒಳಗೂ ಹೊರಗೂ ನಿಂತ ಸ್ವಚ್ಛ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅಡಿತಟ್ಟೆಯನ್ನು ವಾರಕ್ಕೊಮ್ಮೆ ಖಾಲಿ ಮಾಡಿದರೆ ಸಾಲದು, ಉಜ್ಜಿ ತೊಳೆಯಬೇಕು. ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಮನಿ ಪ್ಲಾಂಟನ್ನು ಬಾಟಲಿಯ ನೀರಿನಲ್ಲಿ ಬೆಳೆಸುವವರು ಬಾಯಿಗೆ ಹತ್ತಿ ತುರುಕಿ, ವಾರಕ್ಕೊಮ್ಮೆ ನೀರು ಬದಲಿಸಿ, ಬಾಟಲಿಯ ಒಳಭಾಗವನ್ನು ಬ್ರಷ್‌ನಿಂದ ಉಜ್ಜಿ. ಅದಕ್ಕೆ ಪುರುಸೊತ್ತಿಲ್ಲವೆಂದಾದರೆ ಮಣ್ಣಿನಲ್ಲೇ ನೆಡಿ.

ಹಂತ 9: ಎಲೆ ಒರೆಸುವುದು, ಗೊಬ್ಬರ, ಕೀಟ

ಹದಿನೈದು ದಿನಕ್ಕೊಮ್ಮೆ ಒದ್ದೆ ಹತ್ತಿಬಟ್ಟೆಯಿಂದ ಎಲೆಯ ಮೇಲೂ ಕೆಳಗೂ ಒರೆಸಿ. ಧೂಳು ಹಿಡಿದ ಎಲೆಗೆ ಬೆಳಕು ಸಿಗುವುದಿಲ್ಲ, ಹಿಡಿದ ಧೂಳು ಫ್ಯಾನಿನ ಗಾಳಿಗೆ ಮತ್ತೆ ಹಾರುತ್ತದೆ. ಮಲ್ಪೆ, ಪಣಂಬೂರು, ಉಳ್ಳಾಲದಂತಹ ಕಡಲ ಬದಿಯ ಮನೆಗಳಲ್ಲಿ ಕಿಟಕಿಯ ಬಳಿಯ ಎಲೆಗಳ ಮೇಲೆ ಉಪ್ಪು ಕೂರುವುದರಿಂದ ವಾರಕ್ಕೊಮ್ಮೆಯಾದರೂ ಬೇಕು. ಹೊಳಪಿಗೆಂದು ತೆಂಗಿನೆಣ್ಣೆ, ಹಾಲು ಹಚ್ಚಬೇಡಿ. ಎಣ್ಣೆ ಎಲೆಯ ಉಸಿರುರಂಧ್ರಗಳನ್ನು ಮುಚ್ಚಿ ಇನ್ನಷ್ಟು ಧೂಳನ್ನು ಅಂಟಿಸಿಕೊಳ್ಳುತ್ತದೆ. ಹಾಲು ನಮ್ಮ ಹವೆಯಲ್ಲಿ ಬೂಷ್ಟು ಹಿಡಿಯುತ್ತದೆ.

ಗೊಬ್ಬರ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ದೀಪಾವಳಿಯ ಹೊತ್ತಿಗೆ, ಒಂದು ಮುಷ್ಟಿ ಎರೆಗೊಬ್ಬರ ಸಾಕು. ಶಂಕರಪುರದ ಮಲ್ಲಿಗೆ ಬೆಳೆಗಾರರು ಹಾಕುವ ನೆಲಗಡಲೆ ಹಿಂಡಿ ಒಳ್ಳೆಯ ಗೊಬ್ಬರವೇ, ಆದರೆ ಅದು ಅಂಗಳಕ್ಕೆ ತಕ್ಕದ್ದು. ಮನೆಯೊಳಗೆ ಅದರ ನಾತ ತಾಳಲಾಗದು.

ಕುಂಡದ ಸುತ್ತ ಇರುವೆ ಸಾಲು ಕಂಡರೆ ಎಲೆಯ ಸಂದಿಗಳನ್ನು ಹುಡುಕಿ. ಬಿಳಿ ಹತ್ತಿಯಂತೆ ಕಾಣುವ ಹಿಟ್ಟು ತಿಗಣೆ ಎಂಬ ಕೀಟ ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಬರುತ್ತವೆ, ಅದನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ ಕೂಡ. ಕಡಿಮೆಯಿದ್ದರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒಂದೊಂದನ್ನೇ ಒರೆಸಿ ತೆಗೆಯಿರಿ. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಕೆಲವು ಹನಿ ಪಾತ್ರೆ ತೊಳೆಯುವ ಸಾಬೂನು ಸೇರಿಸಿ ಚೆನ್ನಾಗಿ ಕಲಕಿ, ಸಂಜೆ ಹೊತ್ತು ಗಿಡವನ್ನು ಹೊರಗೊಯ್ದು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಬೇಕು. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆಯಿಂದ ಬಂದವು ಮತ್ತೆ ಹಬ್ಬುತ್ತವೆ. ಮಣ್ಣಿನಿಂದ ಏಳುವ ಪುಟ್ಟ ಕಪ್ಪು ನೊಣಗಳಿಗೆ ಔಷಧ ಬೇಕಿಲ್ಲ, ಮೇಲ್ಮಣ್ಣು ಒಣಗಲು ಬಿಟ್ಟರೆ ಹೋಗುತ್ತವೆ.

ಹಂತ 10: ಮಕ್ಕಳು, ನಾಯಿ, ಬೆಕ್ಕು ಇರುವ ಮನೆ

ಮನಿ ಪ್ಲಾಂಟ್, ಪೀಸ್ ಲಿಲಿ, ಅಗ್ಲೋನಿಮಾ, ಆಂಥೂರಿಯಂ, ಝಡ್‌ಝಡ್, ಡೈಫೆನ್‌ಬಾಕಿಯಾ ಎಲ್ಲವೂ ನಮ್ಮ ಕೆಸುವಿನ ಕುಟುಂಬದವು. ಕೆಸುವಿನ ಎಲೆಯ ಪತ್ರೊಡೆಗೆ ಹುಳಿ ಕಡಿಮೆಯಾದಾಗ ಗಂಟಲು ಕೆರೆಯುತ್ತದಲ್ಲ, ಅದಕ್ಕೆ ಕಾರಣವಾದ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಇವುಗಳಲ್ಲೂ ಇವೆ. ಮಗು ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳಬಹುದು. ಡೈಫೆನ್‌ಬಾಕಿಯಾದ ಉರಿ ತೀವ್ರ. ಪುಟ್ಟ ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ. ಉಳಿದವುಗಳನ್ನು ಕೈಗೆಟುಕದ ಎತ್ತರದಲ್ಲಿಡಿ. ಸ್ನೇಕ್ ಪ್ಲಾಂಟ್ ಬೇರೆ ಕುಟುಂಬದ್ದಾದರೂ ನಾಯಿ, ಬೆಕ್ಕು ತಿಂದರೆ ವಾಂತಿಯಾಗುತ್ತದೆ. ರಬ್ಬರ್ ಗಿಡದ ಬಿಳಿ ಹಾಲು ಚರ್ಮಕ್ಕೆ ತುರಿಕೆ ತರಬಹುದು, ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ. ಸ್ಪೈಡರ್ ಪ್ಲಾಂಟ್ ಮತ್ತು ಅರೆಕಾ ಪಾಮ್ ಸಾಕುಪ್ರಾಣಿಗಳಿಗೆ ವಿಷವಲ್ಲ.

ಯಾರಾದರೂ ಕಚ್ಚಿಯೇಬಿಟ್ಟರೆ ಬಾಯಿಯಿಂದ ತುಣುಕು ತೆಗೆದು, ನೀರಿನಿಂದ ಚೆನ್ನಾಗಿ ಮುಕ್ಕಳಿಸಿ, ಕುಡಿಯಲು ತಣ್ಣನೆಯ ನೀರು ಅಥವಾ ಹಾಲು ಕೊಡಿ. ವಾಂತಿ ಮಾಡಿಸಲು ಹೋಗಬೇಡಿ. ತುಟಿ, ನಾಲಿಗೆ ಊದಿದ್ದರೆ ಅಥವಾ ನುಂಗಲು, ಉಸಿರಾಡಲು ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಯಾವ ಗಿಡವೆಂದು ವೈದ್ಯರಿಗೆ ತಿಳಿಯಲು ಒಂದು ಎಲೆಯನ್ನು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.